ತೊಟ್ಟಿಯೊಳಗಿನ ಸಂಸಾರ

ಕಾರ್ಖಾನೆಗಳ ಲೋಕದಲ್ಲಿ ಅವಳಿಗೆ ಕೆಸರಕ್ಕ ಎಂದು ಹೆಸರು ಬಿದ್ದಿತ್ತು. ಎದುರಿಗೆ ಮೇಡಂ ಎಂದು ಕುರ್ಚಿ ಎಳೆದು ಕೊಡುವವರೂ ಅವಳು ಬೆನ್ನು ತಿರುಗಿಸಿದೊಡನೆ ಕೆಸರಕ್ಕ ಬಂದಿದ್ದಳು ಎನ್ನುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು, ಬೇಸರಪಟ್ಟುಕೊಂಡಿರಲಿಲ್ಲ. ಕಾರ್ಖಾನೆಯ ಹಿತ್ತಲಿಗೆ ಹೋಗಿ, ಮೋರಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಹರಿದು ಬರುವ ಕೊಳಕು ನೀರನ್ನು ಬಾಟಲಿಯಲ್ಲಿ ಹಿಡಿದು, ಬೆಳಕಿಗೆ ಎತ್ತಿ ನೋಡಿ, ಮೂಸಿ, ತೃಪ್ತಿಯಿಂದ ತಲೆಯಾಡಿಸುವ ಹೆಂಗಸಿಗೆ ಇನ್ನೇನು ಹೆಸರಿಟ್ಟಾರು?

ಹುಟ್ಟಿನಿಂದ ಅವಳೇನೂ ಕೆಸರಿನ ನಂಟಿನವಳಲ್ಲ. ಓದಿದ್ದು ಯಂತ್ರಗಳ ಇಂಜಿನಿಯರಿಂಗ್. ಮೊದಲ ಕೆಲಸ ಪಂಪು ತಯಾರಿಸುವ ದೊಡ್ಡ ಕಂಪನಿಯಲ್ಲಿ. ಅಲ್ಲಿನ ನೆಲ ಎಷ್ಟು ಚೊಕ್ಕಟವೆಂದರೆ ಬಿದ್ದ ಸ್ಕ್ರೂ ಕೂಡ ತನ್ನ ಮುಖ ನೋಡಿಕೊಳ್ಳಬಹುದಿತ್ತು. ಆ ದಿನಗಳಲ್ಲಿ ಅವಳ ನಂಬಿಕೆ ಒಂದೇ: ಕೆಟ್ಟದ್ದು ಏನೇ ಇರಲಿ, ಸರಿಯಾದ ಸ್ಪ್ಯಾನರ್ ಸಿಕ್ಕರೆ ಬಿಚ್ಚಬಹುದು, ಬಿಚ್ಚಿದ್ದನ್ನು ಸರಿಮಾಡಬಹುದು. ಉಕ್ಕು ಹೇಳಿದ ಮಾತು ಕೇಳುತ್ತದೆ, ಮುನಿಸಿಕೊಳ್ಳುವುದಿಲ್ಲ, ಹೊಟ್ಟೆನೋವು ಎಂದು ಮಲಗುವುದಿಲ್ಲ.

ಆ ನಂಬಿಕೆಗೆ ಮೊದಲ ಬಿರುಕು ಬಿದ್ದದ್ದು ನಗರದ ಕೊಳಚೆ ನೀರನ್ನು ಶುದ್ಧ ಮಾಡುವ ಘಟಕದಲ್ಲಿ. ಕಂಪನಿಯ ಪಂಪೊಂದು ಅಲ್ಲಿ ಕಚ್ಚಿಕೊಂಡು ನಿಂತಿತ್ತು. ಅವಳು ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೋಗಿ ಬೆಳಗ್ಗೆಯಿಂದ ಗುದ್ದಾಡಿ ಅದನ್ನು ಓಡಿಸಿದಳು. ಘಟಕದ ಮುಖ್ಯಸ್ಥರು ಬಿಳಿ ಹುಬ್ಬಿನ ಹಿರಿಯ ಇಂಜಿನಿಯರ್. ಎಲ್ಲರೂ ಅವರನ್ನು ದೊಡ್ಡ ಸಾಹೇಬರು ಎನ್ನುತ್ತಿದ್ದರು. ಅವಳು ಹೊರಡುವ ಹೊತ್ತಿಗೆ ಅವರು, ಕೈ ತೊಳೆದುಕೊಂಡೆಯಾ, ಹಾಗಾದರೆ ಬಾ, ಒಂದು ತೋರಿಸುತ್ತೇನೆ ಎಂದು ತಮ್ಮ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದರು.

ಕಿಟಕಿಯ ಬಳಿ ಬಿಗಿಯಾಗಿ ಮುಚ್ಚಿದ ಉದ್ದನೆಯ ಗಾಜಿನ ಜಾಡಿ ಇತ್ತು. ಒಳಗೆ ತಿಳಿಯಾದ ನೀರು, ತಳದಲ್ಲಿ ಸಾಸಿವೆ ಕಾಳಿನಂಥ ಕಪ್ಪು ಕಾಳುಗಳ ರಾಶಿ. ಅವಳು ನೋಡುತ್ತಿದ್ದಂತೆ ರಾಶಿಯಿಂದ ಒಂದು ಕಾಳು ಕದಲಿತು. ಯಾರೋ ಎತ್ತಿದ ಹಾಗೆ ನೆಟ್ಟಗೆ ಮೇಲಕ್ಕೆ ಹೋಯಿತು, ನೀರಿನ ಅಂಚಿಗೆ ತಲುಪಿ ಒಂದು ಸಣ್ಣ ಗುಳ್ಳೆ ಬಿಟ್ಟಿತು, ಹಗುರವಾಗಿ ಕೆಳಗಿಳಿದು ತನ್ನ ಜಾಗದಲ್ಲಿ ಕೂತಿತು. ಅಷ್ಟರಲ್ಲಿ ಇನ್ನೊಂದು ಎದ್ದಿತ್ತು. ಅದರ ಹಿಂದೆ ಮತ್ತೊಂದು. ಜಾಡಿಯ ತುಂಬ ಕಪ್ಪು ಕಾಳುಗಳು ಏರುತ್ತಿದ್ದವು, ಇಳಿಯುತ್ತಿದ್ದವು, ಸದ್ದಿಲ್ಲದೆ, ದಣಿವಿಲ್ಲದೆ.

"ಯಾವ ಮೋಟರ್ ಸಾರ್ ಇದಕ್ಕೆ?" ಎಂದು ಕೇಳಿದಳು.

"ಮೋಟರ್ ಇಲ್ಲ. ಜೀವ ಇದೆ."

ಒಂದೊಂದು ಕಾಳಿನಲ್ಲೂ ಕೋಟ್ಯಂತರ ಸೂಕ್ಷ್ಮಜೀವಿಗಳು ಕೂಡಿ ವಾಸವಾಗಿವೆ ಎಂದು ಅವರು ಹೇಳಿದರು. ನೀರಿನಲ್ಲಿರುವ ಕೊಳಕೇ ಅವುಗಳ ಊಟ. ಉಂಡು ಬಿಡುವ ಉಸಿರೇ ಉರಿಯುವ ಗ್ಯಾಸ್. ಆ ಗ್ಯಾಸ್ ಕಾಳಿಗೆ ಅಂಟಿಕೊಂಡು ಅದನ್ನು ಮೇಲೆತ್ತುತ್ತದೆ, ಗುಳ್ಳೆ ಒಡೆದೊಡನೆ ಕಾಳು ಮನೆಗೆ ಮರಳುತ್ತದೆ. ಇಡೀ ನಗರದ ಹೊಲಸನ್ನು ಒಲೆಯ ಉರಿಯಾಗಿ ಮಾಡುತ್ತಿರುವುದು ಇಲ್ಲಿನ ಪಂಪುಗಳಲ್ಲ, ಇವು ಎಂದರು.

ಅವಳು ಕಂಪನಿಗೆ ವಾಪಸಾಗಬೇಕಾದ ಹೊತ್ತು ಮೀರಿದರೂ ಅಲ್ಲೇ ನಿಂತಿದ್ದಳು. ಅಂದು ಮನೆಯಲ್ಲಿ ತಟ್ಟೆಯ ಮುಂದೆ ಕೂತವಳು ಉಣ್ಣುವುದನ್ನು ಮರೆತು ಲೋಟದ ನೀರನ್ನೇ ನೋಡುತ್ತಿದ್ದಳು. ಗಂಡನದು ಕನ್ನಡಕದ ಅಂಗಡಿ. ಹೆಂಡತಿ ದಿಟ್ಟಿಸುತ್ತಿರುವ ಬಗೆ ಕಂಡು, ನಂಬರ್ ಏನಾದರೂ ಬದಲಾಗಿದೆಯೇ, ನಾಳೆ ಅಂಗಡಿಗೆ ಬಂದು ಹೋಗು ಎಂದ. ಬದಲಾದದ್ದೇನೋ ನಿಜ, ಅದು ಕನ್ನಡಕದಿಂದ ಸರಿಹೋಗುವಂಥದಾಗಿರಲಿಲ್ಲ.

ಮುಂದೆ ರಜೆ ಸಿಕ್ಕಾಗಲೆಲ್ಲ ಅವಳು ಆ ಘಟಕಕ್ಕೆ ಹೋದಳು. ದೊಡ್ಡ ಸಾಹೇಬರು ಕಲಿಸಿದರು, ಅವಳು ಕಲಿತಳು. ಕೊನೆಗೆ ಪಂಪಿನ ಕಂಪನಿಗೆ ರಾಜೀನಾಮೆ ಕೊಟ್ಟು, ಕಾರ್ಖಾನೆಗಳ ಕೊಳಕು ನೀರಿನಿಂದ ಗ್ಯಾಸ್ ತೆಗೆಸುವ ಸಲಹೆಗಾರ್ತಿಯಾಗಿ ಸ್ವಂತ ಬೋರ್ಡು ಹಾಕಿಕೊಂಡಳು. ಮನೆಯಲ್ಲಿ ಇದಕ್ಕೆ ಬಾಯಿಬಿಟ್ಟು ಅಡ್ಡಿ ಮಾಡಿದವರು ಅತ್ತೆ ಒಬ್ಬರೇ. ಅವರು ಬಾಗಿಲ ಹಿಡಿಕೆಯನ್ನೂ ಒರೆಸಿಯೇ ಮುಟ್ಟುವ ಮಡಿವಂತೆ. ಸೊಸೆ ಸಂಜೆ ಬಂದರೆ ಹಿಂಬಾಗಿಲಿನಿಂದ ನೇರ ಬಚ್ಚಲಿಗೆ ಹೋಗಬೇಕು ಎಂದು ಕಟ್ಟಳೆ ಮಾಡಿದ್ದರು.

"ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಕೆಸರೇನೋ ಕಾಣ್ತಾ ಇದೆ ಕಣೇ. ಮೊಸರು ಯಾವಾಗ?" ಎಂದು ಅವರು ಕೇಳುತ್ತಿದ್ದರು.

ಮೊಸರು ದೂರವೇ ಇತ್ತು. ಮೊದಲ ದಿನಗಳಲ್ಲಿ ಯಾರೂ ಅವಳ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಯಜಮಾನರುಗಳ ಮುಂದೆ ಕೂತು ಭೂಮಿಯ ಬಗ್ಗೆ, ನದಿಗಳ ಬಗ್ಗೆ, ಮುಂದೆ ಹುಟ್ಟುವ ಮಕ್ಕಳ ಬಗ್ಗೆ ಹೇಳುತ್ತಿದ್ದಳು. ಅವರು ಚಹಾ ತರಿಸಿ, ನೀವು ಹೇಳುವುದೆಲ್ಲ ಸತ್ಯ ಎಂದು ಒಪ್ಪಿ, ಗೇಟಿನವರೆಗೆ ಬಂದು ಬೀಳ್ಕೊಡುತ್ತಿದ್ದರು. ಬರಬರುತ್ತ ಅವಳಿಗೆ ಈ ವ್ಯವಹಾರದ ಒಳಗುಟ್ಟು ಹತ್ತಿತು. ಯಜಮಾನನಿಗೆ ಬೇಕಾದದ್ದು ಪುಣ್ಯವಲ್ಲ, ನೆಮ್ಮದಿ. ಅವನ ನಿದ್ದೆ ಕೆಡಿಸುತ್ತಿರುವುದು ಏನು, ಬಾಯ್ಲರಿನ ಖರ್ಚೋ, ನೆರೆಹೊರೆಯ ದೂರೋ, ಅಧಿಕಾರಿಗಳ ನೋಟೀಸೋ, ಅದನ್ನು ಮೊದಲು ಹಿಡಿಯಬೇಕು. ಆ ಮನೆಯಲ್ಲಿ ಕೊನೆಯ ಮಾತು ಯಾರದು ಎಂದು ಕಂಡುಕೊಳ್ಳಬೇಕು. ಅರ್ಧ ಕೆಲಸ ಇಂಜಿನಿಯರಿಂಗ್. ಇನ್ನರ್ಧ ಹೆಣ್ಣಿನ ಕಡೆಯವರನ್ನೂ ಗಂಡಿನ ಕಡೆಯವರನ್ನೂ ಒಪ್ಪಿಸುವ ಮದುವೆ ದಲ್ಲಾಳಿಯ ಕೆಲಸ. ಇಷ್ಟು ಅರ್ಥವಾದ ಮೇಲೆ ಒಂದೊಂದಾಗಿ ಕೆಲಸಗಳು ಬಂದವು: ಪಿಷ್ಟದ ಕಾರ್ಖಾನೆ, ಕಾಗದದ ಗಿರಣಿ, ಹಾಲಿನ ಡೈರಿ. ಎಲ್ಲವೂ ಅವಳು ಕಾಗದದ ಮೇಲೆ ಬರೆದಂತೆಯೇ ನಡೆದವು. ಹೀಗೆ ನಡೆದದ್ದರಿಂದಲೇ ಅವಳಿಗೆ, ತನಗೆ ಈ ಜೀವಿಗಳ ನಾಡಿ ಸಿಕ್ಕಿದೆ ಎಂಬ ಧೈರ್ಯ ಬಂದಿತ್ತು.

ಹಣ್ಣಿನ ರಸದ ಕಾರ್ಖಾನೆಯಿಂದ ಕರೆ ಬಂದದ್ದು ಆಗ.

ಅದನ್ನು ನಡೆಸುತ್ತಿದ್ದವರು ಅಕ್ಕ ಮತ್ತು ತಮ್ಮ. ಅಪ್ಪ ಕಟ್ಟಿದ ಕಾರ್ಖಾನೆ. ಅಕ್ಕ ಕಚೇರಿ ನೋಡಿಕೊಳ್ಳುವವಳು, ಮಾತು ಕಡಿಮೆ, ಎಲ್ಲರ ಬಾಯಲ್ಲಿ ಯಜಮಾನಿ. ತಮ್ಮ ಯಂತ್ರಗಳನ್ನು ನೋಡಿಕೊಳ್ಳುವವನು, ಕೂತಲ್ಲಿ ಕೂರದ ಆಸಾಮಿ. ಹಣ್ಣು ತೊಳೆದ, ಹಿಂಡಿದ, ಪೀಪಾಯಿ ಜಾಲಿಸಿದ ನೀರೆಲ್ಲ ಹಿಂದಿನ ಹೊಂಡಗಳಲ್ಲಿ ನಿಂತು ಕೊಳೆಯುತ್ತಿತ್ತು. ಗೋಡೆಯ ಆಚೆಗೊಂದು ಶಾಲೆ. ವರ್ಷದ ಬಹುಪಾಲು ಶಾಲೆಯ ಕಿಟಕಿಗಳನ್ನು ತೆರೆಯುವ ಹಾಗಿರಲಿಲ್ಲ. ಇದನ್ನು ಸರಿಪಡಿಸದಿದ್ದರೆ ಬೀಗ ಹಾಕಿಸುತ್ತೇವೆ ಎಂದು ನಗರದ ಅಧಿಕಾರಿಗಳು ಹೇಳಿಯಾಗಿತ್ತು. ಅವಳಿಗಿಂತ ಮುಂಚೆ ಹಲವರು ಬಂದು ಹೊಳಪು ಕಾಗದದ ಯೋಜನೆಗಳನ್ನು ಕೊಟ್ಟು ಹೋಗಿದ್ದರು.

"ನೀವು ಎಷ್ಟನೇ ಪಂಡಿತರು ಅಂತ ನಾನು ಎಣಿಸೋದು ಬಿಟ್ಟಿದ್ದೀನಿ," ಎಂದಳು ಯಜಮಾನಿ. "ಆ ಶಾಲೆಯಲ್ಲಿ ನಾನೂ ಓದಿದವಳು. ಅಪ್ಪನ ಕಾರ್ಖಾನೆ ವಾಸನೆ ಅಂತ ಮಕ್ಕಳು ನನ್ನ ಪಕ್ಕ ಕೂರ್ತಿರಲಿಲ್ಲ. ಅದು ಹೋಗುತ್ತಾ ಇಲ್ವಾ, ಅಷ್ಟು ಹೇಳಿ."

ಹೋಗುತ್ತದೆ ಎಂದಳು ಕೆಸರಕ್ಕ. ನಿದ್ದೆ ಕೆಡಿಸುತ್ತಿರುವುದು ಏನು ಎಂದು ಈ ಮನೆಯಲ್ಲಿ ಹುಡುಕಬೇಕಾಗಿ ಬರಲಿಲ್ಲ.

ತೊಟ್ಟಿ ಎದ್ದಿತು. ಮೂರಂತಸ್ತಿನ ಮನೆಯಷ್ಟು ಎತ್ತರದ, ಹಸಿರು ಬಣ್ಣದ, ಗುಂಡನೆಯ ಉಕ್ಕಿನ ತೊಟ್ಟಿ. ಪಕ್ಕದಲ್ಲಿ ಮೇಲೆ ಹತ್ತುವ ಮೆಟ್ಟಿಲು. ಗ್ಯಾಸ್ ಹೊರಬರುವ ಕೊಳವೆ ನೀರು ತುಂಬಿದ ಒಂದು ಪಾತ್ರೆಯ ಮೂಲಕ ಹಾದು ಹೋಗುತ್ತಿತ್ತು. ಆ ಪಾತ್ರೆಗೆ ಅಂಗೈ ಅಗಲದ ಗಾಜಿನ ಕಿಂಡಿ. ಗ್ಯಾಸ್ ಬರುತ್ತಿದ್ದರೆ ಕಿಂಡಿಯಲ್ಲಿ ಗುಳ್ಳೆಗಳು ಕಾಣುತ್ತವೆ. ನೆರೆಮನೆಯಿಂದ ಹೆಪ್ಪು ತಂದ ಹಾಗೆ ದೊಡ್ಡ ಸಾಹೇಬರ ಘಟಕದಿಂದ ಟ್ಯಾಂಕರುಗಳಲ್ಲಿ ಕಪ್ಪು ಕಾಳಿನ ಕೆಸರು ತಂದು ತುಂಬಿದರು. ಮೊದಮೊದಲು ಕೂಸಿಗೆ ಕುಡಿಸುವಂತೆ ಸ್ವಲ್ಪ ಸ್ವಲ್ಪವೇ ಹಣ್ಣಿನ ನೀರು ಬಿಟ್ಟರು. ಕೆಲವೇ ವಾರಗಳಲ್ಲಿ ಕಿಂಡಿಯಲ್ಲಿ ನೀರು ಕುದಿಯುವ ಹಾಗೆ ಗುಳ್ಳೆಗಳೆದ್ದವು.

ಹೆಚ್ಚಾದ ಗ್ಯಾಸನ್ನು ಉರಿಸುವುದಕ್ಕೆ ಅಂಗಳದ ಮೂಲೆಯಲ್ಲಿ ಒಂದು ಎತ್ತರದ ಕಂಬವಿತ್ತು. ನಡುಮಧ್ಯಾಹ್ನ ಅದಕ್ಕೆ ಮೊದಲ ಸಲ ಬೆಂಕಿ ಕೊಟ್ಟರು. ಜನವೆಲ್ಲ ಕತ್ತೆತ್ತಿ ನೋಡಿದರು. ಬಿಸಿಲಿನಲ್ಲಿ ಉರಿಯೇ ಕಾಣಿಸಲಿಲ್ಲ. ಹತ್ತಿಲ್ಲ ಎಂದುಕೊಂಡರು. ಆಮೇಲೆ ಯಾರೋ ಆಕಾಶದತ್ತ ಬೆರಳು ತೋರಿಸಿದರು. ಕಂಬದ ಮೇಲೆ ಹಾದುಹೋಗುವ ಮೋಡದ ಅಂಚು ನಡುಗುತ್ತಿತ್ತು. ಶಾಲೆಯ ಮಾಡು ನಡುಗುತ್ತಿತ್ತು. ಬಣ್ಣವಿಲ್ಲ, ಹೊಗೆಯಿಲ್ಲ, ಅಷ್ಟಗಲದ ಆಕಾಶ ಸುಮ್ಮನೆ ನಡುಗುತ್ತಿತ್ತು. ಯಜಮಾನಿ ನೇರವಾಗಿ ಶಾಲೆಗೆ ನಡೆದು, ಇನ್ನು ಕಿಟಕಿ ಮುಚ್ಚಬೇಡಿ ಎಂದು ಮುಖ್ಯೋಪಾಧ್ಯಾಯಿನಿಗೆ ಮಾತು ಕೊಟ್ಟು ಬಂದಳು.

ಅದಾದ ಮೇಲೆ ಹಣ್ಣಿನ ಕಾಲ ಭರಾಟೆಗೆ ಬಂತು. ಲಾರಿಗಳು ಗೇಟಿನಾಚೆ ಸಾಲುಗಟ್ಟಿದವು. ತಮ್ಮನಿಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ತೊಟ್ಟಿಗೆ ಇನ್ನೂ ಹೆಚ್ಚು ನೀರು ಬಿಡಬಹುದೇ ಎಂದು ಕೇಳಿದ. ಕೆಸರಕ್ಕ ಲೆಕ್ಕ ಹಾಕಿ ನೋಡಿದಳು. ತೊಟ್ಟಿಯ ಗಾತ್ರಕ್ಕೆ, ಪಂಪಿನ ಶಕ್ತಿಗೆ, ಕೊಳವೆಯ ಅಗಲಕ್ಕೆ ಅದು ಭಾರವಲ್ಲ. ಬಿಡಿ ಎಂದಳು. ಮರುವಾರ ಅವನು ಮತ್ತೆ ಕೇಳಿದ. ಮತ್ತೆ ಬಿಡಿ ಎಂದಳು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎನ್ನುತ್ತಾರೆ. ಅವಳು ಅಳೆದದ್ದು ಮಂಚವನ್ನು, ಹಾಸಿಗೆಯನ್ನಲ್ಲ.

ಒಂದು ಬೆಳಗ್ಗೆ ಬಂದಾಗ ಮೂಗಿಗೇ ಮೊದಲು ಸುದ್ದಿ ಮುಟ್ಟಿತು. ಹುಳಿ ವಾಸನೆ. ಹುಳಿ ಎಷ್ಟಿದೆ ಎಂದು ಬಣ್ಣದಿಂದ ತೋರಿಸುವ ಕಾಗದದ ಪಟ್ಟಿಯನ್ನು ತೊಟ್ಟಿಯ ನೀರಿಗೆ ಅದ್ದಿದಳು. ಹಸಿರಾಗಬೇಕಾದದ್ದು ಹಳದಿಯಾಯಿತು. ಕಿಂಡಿಯಲ್ಲಿ ಗುಳ್ಳೆಗಳು ಬಿಟ್ಟು ಬಿಟ್ಟು ಬರುತ್ತಿದ್ದವು. ಅವಳು ಪಂಪು ಬದಲಿಸಿದಳು, ಕವಾಟಗಳನ್ನು ತಿರುಗಿಸಿದಳು, ಕೊಳವೆ ಬಿಚ್ಚಿ ತೊಳೆಸಿದಳು. ಹಳೆಯ ಅಭ್ಯಾಸ, ಕೈ ತಾನಾಗಿ ಸ್ಪ್ಯಾನರಿಗೆ ಹೋಗುತ್ತಿತ್ತು. ಬಿಚ್ಚಿದ ಪ್ರತಿಯೊಂದು ಭಾಗವೂ ಸರಿಯಾಗಿಯೇ ಇತ್ತು. ಮೂರನೆಯ ದಿನ ಕಿಂಡಿಯ ನೀರು ಅಲ್ಲಾಡದೆ ನಿಂತಿತು. ಕಂಬದ ಮೇಲಿನ ಆಕಾಶವೂ ಸ್ತಬ್ಧವಾಯಿತು.

ಅವಳು ದೊಡ್ಡ ಸಾಹೇಬರ ಮನೆಗೆ ಹೋದಳು. ಅವರು ನಿವೃತ್ತರಾಗಿ ಮಗಳ ಮನೆಯಲ್ಲಿದ್ದರು. ಕಣ್ಣು ಮಂಜಾಗಿತ್ತು, ಬುದ್ಧಿ ಮಾತ್ರ ಮೊದಲಿನಂತೆಯೇ ಚುರುಕು. ಅವಳು ಹೇಳಿದ್ದನ್ನೆಲ್ಲ ಕೇಳಿ, ಅದು ಒಂದು ಜೀವವಲ್ಲ, ಸಂಸಾರ ಎಂಬುದನ್ನು ನೆನಪಿಸಿದರು. ಮೊದಲನೆಯವರು ಹಣ್ಣಿನ ಸಕ್ಕರೆಯನ್ನು ಒಡೆದು ಹುಳಿ ಮಾಡುವವರು; ಗಬಗಬನೆ ತಿನ್ನುವವರು, ಬೇಗ ಬೆಳೆಯುವವರು. ಆ ಹುಳಿಯನ್ನು ತಿಂದು ಗ್ಯಾಸ್ ಮಾಡುವವರು ಬೇರೆ. ಅವರು ನಿಧಾನದವರು, ನಾಜೂಕಿನವರು. ಮೊದಲಿನವರಿಗೆ ಮಿತಿಮೀರಿ ಬಡಿಸಿದರೆ ಅವರು ಹುಳಿಯನ್ನು ರಾಶಿ ಹಾಕುತ್ತಾರೆ, ಆ ಹುಳಿಯಲ್ಲೇ ನಿಧಾನದವರು ಮುಳುಗುತ್ತಾರೆ.

"ಈಗ ಏನು ಮಾಡ್ಲಿ ಸಾರ್?"

"ಊಟ ನಿಲ್ಲಿಸು. ಚೂರು ಅಡುಗೆ ಸೋಡಾ ಹಾಕು, ಹುಳಿ ಇಳೀಲಿ. ಆಮೇಲೆ ಸುಮ್ಮನಿರು."

"ಸುಮ್ಮನೇನಾ?"

"ಅದೇ ಕಷ್ಟದ ಕೆಲಸ ಮಗಾ. ನಿನಗೆ ಬರಲ್ಲ. ಕಲಿ."

ಊಟ ನಿಲ್ಲಿಸುವುದೆಂದರೆ ಕಾರ್ಖಾನೆ ನಿಲ್ಲಿಸುವುದು, ಅದೂ ಹಣ್ಣಿನ ಕಾಲದ ನಟ್ಟನಡುವೆ. ಅಕ್ಕತಮ್ಮಂದಿರ ಮುಂದೆ ಅವಳು ಅದನ್ನೇ ಹೇಳಬೇಕಾಯಿತು. ಲೆಕ್ಕ ತಪ್ಪಿದ್ದು ತನ್ನಿಂದ ಎಂದು ಮೊದಲೇ ಹೇಳಿಬಿಟ್ಟಳು. ಎಷ್ಟು ದಿನ ಬೇಕಾಗುತ್ತದೆ ಎಂದು ಯಜಮಾನಿ ಕೇಳಿದಳು.

"ಗೊತ್ತಿಲ್ಲ," ಎಂದಳು ಕೆಸರಕ್ಕ. ಸಲಹೆ ಕೊಟ್ಟು ಬದುಕುವವರು ಎಂದೂ ಆಡಬಾರದ ಮಾತದು. ಅವಳ ವೃತ್ತಿಯಲ್ಲೇ ಮೊದಲ ಸಲ ಅದು ಬಾಯಿಂದ ಬಂದಿತ್ತು.

ತಮ್ಮ ಎದ್ದು ನಿಂತ. ಹಣ್ಣು ಅಂಗಳದಲ್ಲಿ ಕೊಳೆಯುತ್ತಿದೆ, ಕಣ್ಣಿಗೆ ಕಾಣದ ಹುಳಕ್ಕೋಸ್ಕರ ಯಾರಾದರೂ ಕಾರ್ಖಾನೆ ನಿಲ್ಲಿಸುತ್ತಾರೆಯೇ, ಹಳೆಯ ಹೊಂಡಗಳು ಅಲ್ಲೇ ಇವೆ, ಸ್ವಲ್ಪ ದಿನ ನೀರನ್ನು ಅತ್ತ ತಿರುಗಿಸಿದರೆ ಆಯಿತಲ್ಲ ಎಂದ. ಹಾಗೆ ಮಾಡಿದರೆ ಆಗುತ್ತಿತ್ತು ಕೂಡ. ಒಪ್ಪಿಸುವ ಮಾತುಗಳೆಲ್ಲ ಕೆಸರಕ್ಕನಲ್ಲಿ ಖಾಲಿಯಾಗಿದ್ದವು.

ಯಜಮಾನಿ ಕಿಟಕಿಯಾಚೆ ನೋಡುತ್ತಿದ್ದಳು. ಶಾಲೆಯ ಕಿಟಕಿಗಳು ತೆರೆದಿದ್ದವು. ಒಂದರಿಂದ ಯಾರದೋ ಒದ್ದೆ ಅಂಗಿ ಒಣಗಲು ನೇತಾಡುತ್ತಿತ್ತು.

"ನೀನು ಚಿಕ್ಕವನಿದ್ದಾಗ ಹೊಟ್ಟೆ ಕೆಟ್ಟು ಮಲಗಿದ್ದೆ, ನೆನಪಿದೆಯೇನೋ?" ಎಂದು ತಮ್ಮನನ್ನು ಕೇಳಿದಳು. "ಊಟ ಊಟ ಅಂತ ಅಳ್ತಿದ್ದೆ. ನಾನು ಬರೀ ನೀರು ಕುಡಿಸ್ಕೊಂಡು ಕೂತಿದ್ದೆ. ಅಳ್ತಾನೆ ಅಂತ ಬಡಿಸಿದ್ರೆ ನೀನು ಇವತ್ತು ಇಲ್ಲಿ ನಿಂತು ವಾದ ಮಾಡ್ತಿರಲಿಲ್ಲ."

"ಅಕ್ಕ, ನಾನು ಮನುಷ್ಯ."

"ಆಗ ನೋಡಿದ್ರೆ ಹಾಗೇನೂ ಅನ್ನಿಸ್ತಿರಲಿಲ್ಲ ಬಿಡು." ಎಂದವಳು ಕೆಸರಕ್ಕನತ್ತ ತಿರುಗಿದಳು. "ನಿಲ್ಲಿಸ್ತೀನಿ. ಹೊಂಡಕ್ಕೆ ಬಿಡಲ್ಲ. ಶಾಲೆಯವರಿಗೆ ಮಾತು ಕೊಟ್ಟಿದ್ದೀನಿ."

ಊರಿನ ಇನ್ನೊಂದು ತುದಿಯಲ್ಲಿ ಇವರಂತೆಯೇ ರಸ ತಯಾರಿಸುವ ಒಬ್ಬ ಎದುರಾಳಿಯಿದ್ದ. ಅಪ್ಪನ ಕಾಲದಿಂದಲೂ ಎರಡು ಮನೆಗಳ ನಡುವೆ ಮಾತುಕತೆಯಿರಲಿಲ್ಲ, ಎಣ್ಣೆ ಸೀಗೆಕಾಯಿ ಸಂಬಂಧ. ಯಜಮಾನಿ ಅವನಿಗೆ ತಾನೇ ಫೋನ್ ಮಾಡಿ, ಅಂಗಳದ ಹಣ್ಣನ್ನೂ ಬರುತ್ತಿರುವ ಹಣ್ಣನ್ನೂ ತೆಗೆದುಕೊಳ್ಳುವಂತೆ ಕೇಳಿಕೊಂಡಳು. ಅವನು ಮೊದಲು ಇದು ಯಾವುದೋ ಕುತಂತ್ರವೆಂದು ತಿಳಿದ. ಆಮೇಲೆ ಲಾರಿಗಳನ್ನು ಕಳಿಸಿದ. ಮಧ್ಯಾಹ್ನದ ಹೊತ್ತಿಗೆ ಕಾರ್ಖಾನೆಯ ಸದ್ದು ಅಡಗಿತು. ಅಷ್ಟು ವರ್ಷಗಳಿಂದ ಯಂತ್ರಗಳ ಗದ್ದಲದಲ್ಲಿ ಯಾರಿಗೂ ಕೇಳಿಸದ ಗೋಡೆ ಗಡಿಯಾರ ಅಂದು ಕಚೇರಿಯಲ್ಲಿ ಟಕಟಕ ಎಂದಿತು.

ಕೆಸರಕ್ಕ ಪ್ರತಿದಿನ ಬೆಳಗ್ಗೆ ಬಂದು, ಸೋಡಾ ಕರಗಿಸಿ ಬಿಟ್ಟು, ಕಿಂಡಿಯ ಮುಂದೆ ಕೂರುತ್ತಿದ್ದಳು. ಅದಕ್ಕಿಂತ ಹೆಚ್ಚು ಮಾಡುವುದಕ್ಕೆ ಏನೂ ಇರಲಿಲ್ಲ. ಕೈ ಕಟ್ಟಿ ಕೂತು ಅಭ್ಯಾಸವಿಲ್ಲದವಳ ಕೈಗಳು ಮಡಿಲಲ್ಲಿ ಚಡಪಡಿಸುತ್ತಿದ್ದವು. ಕಾಗದದ ಪಟ್ಟಿ ಹಳದಿ ಬಿಟ್ಟು ಕದಲಲಿಲ್ಲ. ಒಂದು ದಿನ ದೊಡ್ಡ ಸಾಹೇಬರು ಮಗಳ ಕೈ ಹಿಡಿದು ಬಂದರು. ತೊಟ್ಟಿಯ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು, ಅಂಗೈಯನ್ನು ಉಕ್ಕಿನ ಗೋಡೆಗೆ ಇಟ್ಟರು. ತಮ್ಮನೂ ಅಲ್ಲೇ ಇದ್ದ. ಯಂತ್ರಗಳಿಲ್ಲದೆ ಅವನಿಗೂ ಹೊತ್ತು ಹೋಗುತ್ತಿರಲಿಲ್ಲ. ಇವಕ್ಕೆ ಮೇಲಿನಿಂದ ಒಂದಿಷ್ಟು ಗಾಳಿಯಾದರೂ ಊದಿದರೆ ಚೇತರಿಸಿಕೊಳ್ಳುವುದಿಲ್ಲವೇ ಎಂದು ಅವನು ಕೇಳಿದ.

"ಗಾಳಿ ಇವಕ್ಕೆ ವಿಷ ಕಣಪ್ಪ," ಎಂದರು ದೊಡ್ಡ ಸಾಹೇಬರು. "ನಾವು ಉಸಿರಾಡ್ತೀವಲ್ಲ, ಈ ಗಾಳೀಲಿರೋ ಆಮ್ಲಜನಕ ಭೂಮಿ ಮೇಲೆ ಮೊದಲಿಂದ ಇದ್ದದ್ದಲ್ಲ. ಅದು ಹುಟ್ಟೋಕೆ ಮುಂಚೆ ಇದ್ದವರ ವಂಶ ಇವು. ಮರ ಇರಲಿಲ್ಲ, ಮೀನು ಇರಲಿಲ್ಲ, ಹುಲ್ಲು ಇರಲಿಲ್ಲ. ಇವರ ಹಿರಿಯರು ಇದ್ದರು. ಆಮೇಲೆ ಗಾಳಿ ಬಂತು. ಇವು ಜಗಳಕ್ಕೆ ನಿಲ್ಲಲಿಲ್ಲ. ಜೌಗು ನೆಲದ ತಳಕ್ಕೆ, ಸಮುದ್ರದ ಅಡಿಗೆ, ದನದ ಹೊಟ್ಟೆಗೆ ಹೋಗಿ ಸೇರ್ಕೊಂಡವು. ಅಂದಿನಿಂದ ಅಲ್ಲೇ ಒಲೆ ಹೂಡಿಕೊಂಡು ಇವೆ."

ತಮ್ಮನ ಮುಖದಲ್ಲಿದ್ದ ಅಸಹನೆ ಮೆಲ್ಲನೆ ಇಳಿಯಿತು. ಅವನು ಒಂದು ಹೆಜ್ಜೆ ಹಿಂದೆ ಸರಿದು, ಕತ್ತೆತ್ತಿ, ತಾನೇ ನಿಂತು ಬೆಸುಗೆ ಹಾಕಿಸಿದ ತೊಟ್ಟಿಯನ್ನು ಹೊಸದಾಗಿ ಕಂಡವನಂತೆ ನೋಡಿದ. ಕೆಸರಕ್ಕನಿಗೂ ಈ ಸಂಗತಿ ತಿಳಿಯದ್ದೇನಲ್ಲ, ಪುಸ್ತಕದಲ್ಲಿ ಓದಿದ್ದಳು. ಆದರೆ ಓದಿದ್ದು ಬೇರೆ, ಆ ತಣ್ಣನೆಯ ನೆರಳಿನಲ್ಲಿ ಕೂತು ಕೇಳಿದ್ದು ಬೇರೆ. ಭೂಮಿಗೆ ಎಳೆಯ ವಯಸ್ಸಿದ್ದಾಗಿನಿಂದ ಕಡಿಯದೆ ಬಂದ ಒಂದು ವಂಶ, ತನ್ನ ಒಂದು ಲೆಕ್ಕದ ತಪ್ಪಿನಿಂದ, ಒಂದು ಬೆರಳಗಲದ ಉಕ್ಕಿನಾಚೆ, ಸದ್ದಿಲ್ಲದೆ ಸಂಕಟಪಡುತ್ತಿದೆ. ಇಷ್ಟು ವರ್ಷ ತಾನು ಅವಕ್ಕೆ ಕೆಲಸ ಕೊಟ್ಟಿದ್ದೇನೆ ಎಂದುಕೊಂಡಿದ್ದಳು. ಯಾರ ಮನೆಯಲ್ಲಿ ಯಾರು ನಿನ್ನೆ ಬಂದ ನೆಂಟರು ಎಂಬುದು ಆಗ ಅವಳಿಗೆ ಹೊಳೆಯಿತು.

ಇನ್ನಷ್ಟು ದಿನ ಹೋದವು. ಪಟ್ಟಿಯ ಹಳದಿ ಒಂದು ಬೆಳಗ್ಗೆ ಎಳೆಯ ಚಿಗುರಿನ ಬಣ್ಣಕ್ಕೆ ತಿರುಗಿದ ಹಾಗೆ ಕಂಡಿತು. ತನ್ನ ಆಸೆಯ ಕಣ್ಣನ್ನು ನಂಬದೆ ಅವಳು ಯಜಮಾನಿಯನ್ನು ಕರೆದು ತೋರಿಸಿದಳು. ಹಸಿರೆಂದರೆ ಹಸಿರು, ಅಲ್ಲವೆಂದರೆ ಅಲ್ಲ ಎಂದಳು ಯಜಮಾನಿ. ಇಬ್ಬರೂ ಕಿಂಡಿಯ ಮುಂದೆ ಎರಡು ಸ್ಟೂಲು ಹಾಕಿಕೊಂಡು ಕೂತರು. ಬಿಸಿಲು ಗಾಜಿನ ಮೇಲೆ ಬೀಳುತ್ತಿತ್ತು. ತಮ್ಮ ಬಂದು ಹಿಂದೆ ನಿಂತ.

ನೀರಿನ ತಳದಲ್ಲಿ, ಕೊಳವೆಯ ಬಾಯಲ್ಲಿ, ಏನೋ ಹೊಳೆಯಿತು. ಮೊದಲು ಸೂಜಿಯ ಮೊನೆಯಷ್ಟು. ಅದು ಊದಿಕೊಂಡಿತು, ಅಂಚಿಗೆ ಅಂಟಿಕೊಂಡು ಬಿಡಲಾರದೆ ತೂಗಿತು, ಬಿಸಿಲನ್ನು ಒಂದು ಚುಕ್ಕೆ ಮಾಡಿ ಒಳಗಿಟ್ಟುಕೊಂಡು ಗುಂಡಗಾಯಿತು. ಗುಳ್ಳೆ ಕಳಚಿಕೊಂಡಿತು. ಓಲಾಡುತ್ತ ಮೇಲೆ ಬಂದು, ಟಪ್ ಎಂದು ಒಡೆಯಿತು.

ಆಮೇಲೆ ಎಷ್ಟೋ ಹೊತ್ತು ಏನೂ ಇಲ್ಲ. ಅದು ಮೊದಲೇ ಸಿಕ್ಕಿಕೊಂಡಿದ್ದ ಹಳೆಯ ಗುಳ್ಳೆಯಿರಬಹುದು ಎಂದು ಕೆಸರಕ್ಕ ಮೆಲ್ಲಗೆ ಹೇಳಿದಳು. ಯಜಮಾನಿ ಅವಳ ಮೊಣಕೈ ಹಿಡಿದು ಒತ್ತಿದಳು. ತಳದಲ್ಲಿ ಇನ್ನೊಂದು ಹೊಳೆಯುತ್ತಿತ್ತು. ಅದರ ಹಿಂದೆ, ಸ್ವಲ್ಪ ಬೇಗನೆ, ಮತ್ತೊಂದು.

ತಿರುಗಿ ನೋಡಿದರೆ ತಮ್ಮನು ಮುಖ ಆಚೆ ಮಾಡಿಕೊಂಡು ಕಣ್ಣು ಒರೆಸುತ್ತಿದ್ದ. ಧೂಳು ಎಂದ. ಯಂತ್ರ ನಿಂತು ಅಷ್ಟು ದಿನವಾದ ಅಂಗಳದಲ್ಲಿ ಎಲ್ಲಿಯ ಧೂಳು ಎಂದು ಯಾರೂ ಕೇಳಲಿಲ್ಲ.

ಈ ಸಲ ಅವಳು ಲೆಕ್ಕದ ಕಾಗದವನ್ನು ಪಕ್ಕಕ್ಕಿಟ್ಟಳು. ಒಂದು ತುತ್ತು ಕೊಟ್ಟು, ಅದು ಅರಗಿದ್ದು ಗುಳ್ಳೆಯಲ್ಲಿ ಕಂಡ ಮೇಲಷ್ಟೇ ಇನ್ನೊಂದು ತುತ್ತು. ಇನ್ನೂ ಬಿಡೋಣವೇ ಎಂದು ತಮ್ಮ ಕೇಳಲಿಲ್ಲ. ಸಾಕು ನಿಲ್ಲಿಸಿ, ಪಾಪ ಎನ್ನತೊಡಗಿದ. ಹಣ್ಣಿನ ಕಾಲ ಮುಗಿಯುವ ಮುಂಚೆ ತೊಟ್ಟಿ ಪೂರ್ತಿ ಚೇತರಿಸಿಕೊಂಡಿತು, ಅದರ ಗ್ಯಾಸು ಬಾಯ್ಲರಿಗೆ ಹೋಯಿತು. ತಾವೇ ಕೊಳೆಸುತ್ತಿದ್ದ ನೀರಿನ ಬೆಂಕಿಯಿಂದ ರಸ ಕಾಯಿಸಿದರು. ಹಳೆಯ ಹೊಂಡಗಳಿಗೆ ಮಣ್ಣು ತುಂಬಿಸಿದರು. ಆ ವರ್ಷ ಕಾರ್ಖಾನೆಗೆ ನಷ್ಟವಾಗದೆ ಇರಲಿಲ್ಲ. ಆದರೆ ಎದುರಾಳಿ ತಾನಾಗಿ ಬಂದು ತೊಟ್ಟಿ ನೋಡಿ, ನಮ್ಮಲ್ಲೂ ಇಂಥದೊಂದು ಕಟ್ಟಿಸಬೇಕು ಎಂದ. ಅವನೊಡನೆ ಕೂತು ಮಾತಾಡುವಾಗ ಕೆಸರಕ್ಕ ಖರ್ಚಿನ ಮಾತಿಗೆ ಮುಂಚೆ ಸಂಸಾರದ ಮಾತು ತೆಗೆದಳು: ಅವಕ್ಕೆ ಹೊಟ್ಟೆ ಕೆಟ್ಟರೆ ನೀವು ಕಾರ್ಖಾನೆ ನಿಲ್ಲಿಸುವಿರಾ, ಅದನ್ನು ಮೊದಲು ಹೇಳಿ. ಅಂದಿನಿಂದ ಪ್ರತಿ ಕಾರ್ಖಾನೆಯಲ್ಲೂ ಅವಳ ಮೊದಲ ಪ್ರಶ್ನೆ ಅದೇ ಆಯಿತು. ಕೆಲವರು ಹುಚ್ಚಿ ಎಂದು ಬೇರೆಯವರನ್ನು ಹುಡುಕಿಕೊಂಡರು. ಉಳಿದವರು ಅವಳನ್ನು ಬಿಡಲಿಲ್ಲ.

ಅತ್ತೆಯೂ ಒಂದು ದಿನ ಬಂದರು. ಊರೆಲ್ಲ ಆಡಿಕೊಳ್ಳುವುದನ್ನು ತಾನೂ ನೋಡಬೇಕು ಎಂದು ಮಗನ ತೋಳು ಹಿಡಿದು, ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಂದವರು, ಅಂಗಳದ ನಡುವೆ ಅದನ್ನು ತೆಗೆದರು. ಒಮ್ಮೆ ಮೂಸಿದರು, ಮತ್ತೊಮ್ಮೆ ಮೂಸಿದರು. ಕಿಂಡಿಯ ಮುಂದೆ ಬಗ್ಗಿ ತುಂಬ ಹೊತ್ತು ನೋಡಿದ ಮೇಲೆ, ಹಣೆಯನ್ನು ಗಾಜಿಗೆ ತಾಗಿಸಿದರು. ಒರೆಸದೆಯೇ.

"ನಾನು ಜೀವಮಾನವೆಲ್ಲ ತಿಕ್ಕಿ ತೊಳೆದದ್ದೇ ಬಂತು," ಎಂದರು. "ತೊಳೆಯೋರು ಬೇರೆ ಇದ್ದಾರೆ ಅಂತ ಯಾರೂ ಹೇಳಲಿಲ್ಲ ನೋಡು."

ಹಣ್ಣಿನ ಕಾಲ ಮುಗಿದು ಕಾರ್ಖಾನೆ ತಿಂಗಳುಗಟ್ಟಲೆ ಮುಚ್ಚುವ ಹೊತ್ತು ಬಂದಾಗ ಅಕ್ಕತಮ್ಮಂದಿರಿಗೆ ಹೊಸ ಚಿಂತೆ ಹತ್ತಿತು. ಅಷ್ಟು ದಿನ ಇವು ಏನು ತಿನ್ನುತ್ತವೆ? ಕೆಸರಕ್ಕ ಅವರಿಬ್ಬರನ್ನೂ ತೊಟ್ಟಿಯ ಮೇಲಕ್ಕೆ ಹತ್ತಿಸಿದಳು. ಅಲ್ಲಿಂದ ಶಾಲೆಯ ಅಂಗಳ, ಬೀದಿಗಳು, ಮನೆಗಳ ಮಾಡುಗಳು, ದೂರದ ರೈಲು ಹಳಿಯವರೆಗೆ ಎಲ್ಲ ಕಾಣುತ್ತಿತ್ತು. ಕಾಲಡಿಯಲ್ಲಿ ಆ ನಗರದ ಜನಸಂಖ್ಯೆಯನ್ನು ನಗೆಪಾಟಲು ಮಾಡುವಷ್ಟು ಜೀವಗಳು. ಅವು ಏನೂ ತಿನ್ನುವುದಿಲ್ಲ ಎಂದಳು ಅವಳು. ಮಲಗುತ್ತವೆ. ತಿಂಗಳುಗಟ್ಟಲೆ ಮಲಗಬಲ್ಲವು. ಹಸಿವು ಎಂದು ಗದ್ದಲವಿಲ್ಲ, ಮರೆತರು ಎಂದು ದೂರಿಲ್ಲ. ಮತ್ತೆ ಮೊದಲ ತುತ್ತು ಬಿದ್ದ ದಿನ, ನಿನ್ನೆ ಮಲಗಿದವರಂತೆ ಎದ್ದು ಕೆಲಸ ಹಿಡಿಯುತ್ತವೆ. ಹೇಗೆ ಎಂದು ತಮ್ಮ ಕೇಳಿದ. ತನಗೂ ಪೂರ್ತಿ ಗೊತ್ತಿಲ್ಲ ಎಂದಳು. ಆ ಮಾತು ಈಗ ಸಲೀಸಾಗಿ ಬರುತ್ತಿತ್ತು.

ಯಜಮಾನಿ ಕಂಬಿ ಹಿಡಿದು ಕೆಳಗೆ ನೋಡುತ್ತ ನಿಂತಳು. ತಮ್ಮ ಮೊದಲು ಇಳಿದು ಹೋಗಿ, ಅಂಗಳದಲ್ಲಿದ್ದ ಖಾಲಿ ಡ್ರಮ್ಮುಗಳನ್ನು ದಡದಡನೆ ಉಗ್ರಾಣದ ಕಡೆಗೆ ಉರುಳಿಸತೊಡಗಿದ.

"ಏಯ್," ಎಂದಳು ಯಜಮಾನಿ ಮೇಲಿನಿಂದ, ದನಿ ಏರಿಸದೆ. "ನಿಧಾನ ಕಣೋ. ಮಲಗಿದಾವೆ."

ಅವನು ನಗಲಿಲ್ಲ. ಡ್ರಮ್ಮನ್ನು ನೆಟ್ಟಗೆ ನಿಲ್ಲಿಸಿ, ಎರಡು ಕೈಯಲ್ಲಿ ಎತ್ತಿಕೊಂಡು ನಡೆದ.